ಹೋರಿಯ ಬೀಜದಿಂದ ಸೂಜಿಯ ಮೊನೆಯವರೆಗೆ

ಸಂಕ್ರಾಂತಿಯ ವೇಳೆಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಗೆ ಬರುವ ರೈತನಿಗೆ ಹೋರಿಗೂ ಎತ್ತಿಗೂ ಇರುವ ಅಂತರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ಹಸುವಿನ ಎರಡು ಕಿಲಾರಿ ಕರುಗಳಲ್ಲಿ ಒಂದಕ್ಕೆ ಬೀಜ ಒಡೆಸಿ ಇನ್ನೊಂದನ್ನು ಹಾಗೆಯೇ ಬಿಟ್ಟರೆ, ನಾಲ್ಕು ವರ್ಷಗಳಲ್ಲಿ ಒಂದು ನೊಗಕ್ಕೆ ಹೊಂದಿಕೊಳ್ಳುವ ಎತ್ತಾಗುತ್ತದೆ, ಇನ್ನೊಂದು ಹೆಗಲುಬ್ಬಿ ಗುಟುರು ಹಾಕುವ ಹೋರಿಯಾಗುತ್ತದೆ. ಮೈಕಟ್ಟು, ಕೊರಳು, ಕೋಪ, ಮಣಿತ ಎಲ್ಲವೂ ಆ ಎರಡು ಬೀಜಗಳ ಮೇಲೆ ನಿಂತಿವೆ ಎಂಬುದು ರೈತನಿಗೆ ಸಾವಿರಾರು ವರ್ಷಗಳಿಂದ ಗೊತ್ತು. ಆದರೆ ಅದು ಹೇಗೆ ನಡೆಯುತ್ತದೆ ಎಂಬುದು ಮಾತ್ರ ವಿಜ್ಞಾನಕ್ಕೂ ತಿಳಿದದ್ದು ಇತ್ತೀಚೆಗೆ.

ಅದೇ ರೈತ ತಿಕೋಟಾ, ಬಬಲೇಶ್ವರ, ಹೊನವಾಡಗಳ ಸೀಮೆಯಲ್ಲಿ ದ್ರಾಕ್ಷಿ ಬೆಳೆಯುವವನಾದರೆ ಅವನಿಗೆ ಇನ್ನೊಂದು ಸಂಗತಿಯೂ ಗೊತ್ತಿರುತ್ತದೆ. ದ್ರಾಕ್ಷಿಗೆ ಹೊಡೆಯುವ ಜಿ.ಎ., ಅಂದರೆ ಜಿಬ್ಬರೆಲಿಕ್ ಆಮ್ಲ, ಗೊಬ್ಬರವಲ್ಲ. ಅದು ಗಿಡದ ಹಾರ್ಮೋನು. ಹೂವಿಗೆ ಮೊದಲು ಕೊಟ್ಟರೆ ಗೊನೆ ಉದ್ದವಾಗುತ್ತದೆ, ಕಾಯಿ ಕಟ್ಟಿದ ಮೇಲೆ ಕೊಟ್ಟರೆ ಕಾಯಿ ದಪ್ಪವಾಗುತ್ತದೆ. ದಿನ ತಪ್ಪಿದರೆ ಅಥವಾ ಪಿ.ಪಿ.ಎಂ. ಲೆಕ್ಕ ತಪ್ಪಿದರೆ ವರ್ಷದ ಬೆಳೆಯೇ ಕೆಡಬಹುದು. ‘ಹೆಚ್ಚು ಹಾಕಿದರೆ ಹೆಚ್ಚು ಬೆಳೆ’ ಎಂಬ ಗೊಬ್ಬರದ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮನುಷ್ಯನ ಹಾರ್ಮೋನುಗಳ ಚರಿತ್ರೆಯೂ ಇದೇ ಪಾಠವನ್ನು ಹೇಳುತ್ತದೆ. ಆದರೂ ಆ ಪಾಠವನ್ನು ಮರೆತು ‘ಶಕ್ತಿಯ ಸೂಜಿ’ ಮಾಡಿಸಿಕೊಳ್ಳುವವರು ಎಲ್ಲ ಕಾಲದಲ್ಲೂ ಇದ್ದಾರೆ. ಮಕ್ಕಳಾಗಲಿಲ್ಲವೆಂಬ ಕೊರಗಿನಲ್ಲಿ, ಇಲ್ಲವೆ ಮೈಕಟ್ಟಿನ ಆಸೆಯಲ್ಲಿ ಟೆಸ್ಟೋಸ್ಟೆರೋನ್ ಚುಚ್ಚಿಸಿಕೊಳ್ಳುವ ಗಂಡಸಿಗೆ ಒಂದು ಸಂಗತಿಯನ್ನು ಯಾರೂ ಹೇಳಿರುವುದಿಲ್ಲ: ಗಂಡಸುತನಕ್ಕೆಂದು ತೆಗೆದುಕೊಂಡ ಆ ಮದ್ದೇ ಸಂತಾನದ ದಾರಿಯನ್ನು ಮುಚ್ಚಬಲ್ಲದು. ಇದು ತಿಳಿದುಬಂದ ಬಗೆ ಕುತೂಹಲಕರವಾಗಿದೆ. ಅದರಲ್ಲಿ ಜರ್ಮನಿಯ ಹುಂಜಗಳಿವೆ, ಇಟಲಿಯ ಸನ್ಯಾಸಿನಿಯರಿದ್ದಾರೆ, ಕಲ್ಕತ್ತೆಯ ಒಬ್ಬ ದುರ್ದೈವಿ ವೈದ್ಯರಿದ್ದಾರೆ, ಬೆಂಗಳೂರಿನ ಮಂಗಗಳೂ ಇವೆ.

ಹುಂಜದ ಜುಟ್ಟು, ಮುದುಕನ ಉತ್ಸಾಹ

1849ರಲ್ಲಿ ಜರ್ಮನಿಯ ಗೋಟಿಂಗೆನ್‌ನಲ್ಲಿ ಆರ್ನಾಲ್ಡ್ ಬರ್ತೋಲ್ಡ್ ಎಂಬ ವಿಜ್ಞಾನಿ ಆರು ಎಳೆಯ ಹುಂಜಗಳ ಮೇಲೆ ಒಂದು ಪ್ರಯೋಗ ಮಾಡಿದ. ವೃಷಣ ತೆಗೆದ ಹುಂಜಗಳ ಜುಟ್ಟು ಬೆಳೆಯಲಿಲ್ಲ, ಅವು ಕೂಗಲಿಲ್ಲ, ಕಾದಾಡಲಿಲ್ಲ. ಆದರೆ ತೆಗೆದ ವೃಷಣವನ್ನು ಹೊಟ್ಟೆಯೊಳಗೆ ಬೇರೆಡೆ ಇಟ್ಟು ಹೊಲಿದ ಹುಂಜಗಳು ಎಂದಿನಂತೆ ಹುಂಜಗಳಾಗಿಯೇ ಬೆಳೆದವು. ನರದ ಸಂಪರ್ಕ ಕಡಿದುಹೋಗಿದ್ದರೂ ಕೆಲಸ ನಡೆದಿತ್ತು. ಹಾಗಾದರೆ ವೃಷಣದಿಂದ ಏನೋ ಒಂದು ರಕ್ತಕ್ಕೆ ಸೇರಿ ಮೈಯೆಲ್ಲ ತಿರುಗುತ್ತಿರಬೇಕು ಎಂದು ಬರ್ತೋಲ್ಡ್ ಬರೆದ. ಆಗ ಅವನ ಮಾತನ್ನು ಹೆಚ್ಚು ಜನ ಗಮನಿಸಲಿಲ್ಲ.

ನಲವತ್ತು ವರ್ಷಗಳ ನಂತರ, 1889ರ ಜೂನ್ ಒಂದರಂದು, ಪ್ಯಾರಿಸಿನ ವಿದ್ವತ್ ಸಭೆಯೊಂದರಲ್ಲಿ 72 ವರ್ಷದ ಶಾರ್ಲ್ ಬ್ರೌನ್-ಸೆಕಾರ್ ಎದ್ದುನಿಂತ. ನಾಯಿ ಮತ್ತು ಗಿನಿಯಿಲಿಗಳ ವೃಷಣವನ್ನು ಅರೆದು ತೆಗೆದ ರಸವನ್ನು ತಾನೇ ಚುಚ್ಚಿಕೊಂಡಿರುವುದಾಗಿಯೂ, ಕಳೆದುಹೋದ ಕಸುವು ಮರಳಿ ಬಂದಿರುವುದಾಗಿಯೂ ಸಾರಿದ. ಸುದ್ದಿ ಯುರೋಪು, ಅಮೆರಿಕೆಗಳಲ್ಲೆಲ್ಲ ಹರಡಿ ‘ಯೌವನದ ಸೂಜಿ’ಗೆ ಜನ ಮುಗಿಬಿದ್ದರು. ಆದರೆ ಟೆಸ್ಟೋಸ್ಟೆರೋನ್ ನೀರಿನಲ್ಲಿ ಅಷ್ಟಾಗಿ ಕರಗುವ ವಸ್ತುವಲ್ಲ. ಬ್ರೌನ್-ಸೆಕಾರ್ ಬಳಸಿದ್ದು ನೀರಿನ ರಸ. 2002ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಅದೇ ವಿಧಾನದಲ್ಲಿ ರಸ ತಯಾರಿಸಿ ಅಳೆದು ನೋಡಿದಾಗ ಅದರಲ್ಲಿದ್ದ ಹಾರ್ಮೋನು ಯಾವ ಪರಿಣಾಮಕ್ಕೂ ಸಾಲದಷ್ಟು ಅತ್ಯಲ್ಪವಾಗಿತ್ತು. ಮುದುಕನಿಗೆ ಕಸುವು ಕೊಟ್ಟದ್ದು ಅವನ ನಂಬಿಕೆಯೇ.

ಆದರೂ ಆ ತಪ್ಪು ಪ್ರಯೋಗದಿಂದ ಒಂದು ಉಪಕಾರವಾಯಿತು. ಗ್ರಂಥಿಗಳು ರಕ್ತಕ್ಕೆ ಬಿಡುವ ರಸಗಳ ಬಗ್ಗೆ ಶೋಧ ಚುರುಕಾಯಿತು. 1905ರಲ್ಲಿ ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಅವಕ್ಕೆ ‘ಹಾರ್ಮೋನು’ ಎಂಬ ಹೆಸರನ್ನು ಬಳಕೆಗೆ ತಂದ. ಗ್ರೀಕ್ ಮೂಲದ ಆ ಶಬ್ದಕ್ಕೆ ‘ಎಬ್ಬಿಸುವುದು, ಚೋದಿಸುವುದು’ ಎಂದು ಅರ್ಥ. ಹೆಸರೇ ಹೇಳುವಂತೆ ಹಾರ್ಮೋನು ಒಂದು ಅಂಗದಿಂದ ಇನ್ನೊಂದಕ್ಕೆ ಹೋಗುವ ಅಪ್ಪಣೆ. ಅದು ಆಹಾರವಲ್ಲ, ಟಾನಿಕ್ಕೂ ಅಲ್ಲ.

ನೂರು ಕಿಲೋಗೆ ಹತ್ತು ಮಿಲಿಗ್ರಾಂ

1923ರಲ್ಲಿ ಹಾಲೆಂಡಿನ ಓಸ್ ಪಟ್ಟಣದಲ್ಲಿ ಮಾಂಸದ ಉದ್ಯಮಿಯೊಬ್ಬರು ವಿಜ್ಞಾನಿ ಅರ್ನ್ಸ್ಟ್ ಲಾಕ್ವೆಯೂರ್ ಅವರೊಡನೆ ಸೇರಿ ಆರ್ಗನಾನ್ ಎಂಬ ಔಷಧ ಕಂಪನಿಯನ್ನು ಆರಂಭಿಸಿದರು. ಕಸಾಯಿಖಾನೆಯಲ್ಲಿ ಎಸೆಯುತ್ತಿದ್ದ ಗ್ರಂಥಿಗಳೇ ಅದರ ಕಚ್ಚಾವಸ್ತು. 1935ರಲ್ಲಿ ಲಾಕ್ವೆಯೂರ್ ಅವರ ತಂಡ ಸುಮಾರು ನೂರು ಕಿಲೋ ಹೋರಿಯ ವೃಷಣದಿಂದ ಹತ್ತು ಮಿಲಿಗ್ರಾಂನಷ್ಟು ಶುದ್ಧ ಹರಳನ್ನು ಬೇರ್ಪಡಿಸಿ ‘ಟೆಸ್ಟೋಸ್ಟೆರೋನ್’ ಎಂದು ಹೆಸರಿಟ್ಟಿತು. ಅದೇ ವರ್ಷ ಅಡಾಲ್ಫ್ ಬುಟೆನಾಂಟ್ ಮತ್ತು ಲಿಯೊಪೋಲ್ಡ್ ರುಜಿಚ್ಕಾ ಅದನ್ನು ಪ್ರಯೋಗಾಲಯದಲ್ಲಿ ಕೃತಕವಾಗಿ ತಯಾರಿಸಿದರು. 1939ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಇವರಿಬ್ಬರಿಗೆ ಹಂಚಲಾಯಿತು.

ಇನ್ನು ಹೋರಿಯ ಹಂಗು ಉಳಿಯಲಿಲ್ಲ. ಟೆಸ್ಟೋಸ್ಟೆರೋನನ್ನು ರಾಸಾಯನಿಕವಾಗಿ ಕೊಂಚ ಬದಲಿಸಿ ಎಣ್ಣೆಯಲ್ಲಿ ಕರಗಿಸಿದರೆ ಅದು ಸ್ನಾಯುವಿನಿಂದ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ ಎಂಬುದೂ ಗೊತ್ತಾಯಿತು. ಇಂದಿಗೂ ಈ ಸೂಜಿಮದ್ದುಗಳು ಎಣ್ಣೆಯಲ್ಲೇ ಬರುತ್ತವೆ. ಕೆಲವದರಲ್ಲಿ ಎಳ್ಳೆಣ್ಣೆ, ಕೆಲವದರಲ್ಲಿ ಶೇಂಗಾ ಎಣ್ಣೆ, ಕೆಲವದರಲ್ಲಿ ಔಡಲ ಎಣ್ಣೆ ಇರುತ್ತದೆ. ಶೇಂಗಾ ಒಗ್ಗದವರು ಇದನ್ನು ವೈದ್ಯರಿಗೆ ಮೊದಲೇ ಹೇಳಬೇಕಾದುದು ಈ ಕಾರಣಕ್ಕೆ.

ಹುಟ್ಟಿನಿಂದಲೋ ಕಾಯಿಲೆಯಿಂದಲೋ ವೃಷಣ ಕೆಲಸ ಮಾಡದವರಿಗೆ ಈ ಮದ್ದು ನಿಜಕ್ಕೂ ವರವಾಯಿತು. ದನಿ ಒಡೆಯದ, ಮೀಸೆ ಮೂಡದ ಯುವಕರು ಎಲ್ಲರಂತಾದರು. ಆದರೆ ಟೆಸ್ಟೋಸ್ಟೆರೋನ್ ಹೆಚ್ಚಾದರೆ ವೀರ್ಯವೂ ಹೆಚ್ಚಾಗಬೇಕಲ್ಲವೆ ಎಂಬ ಸಹಜವಾದ ಊಹೆ ಮಾತ್ರ ಸುಳ್ಳಾಯಿತು. ಏಕೆಂಬುದನ್ನು ತಿಳಿಯಲು ಆ ಹೊತ್ತಿಗಾಗಲೇ ಬರ್ಲಿನ್ನಿನಲ್ಲಿ ನಡೆದಿದ್ದ ಇನ್ನೊಂದು ಶೋಧವನ್ನು ನೋಡಬೇಕು.

ಗರ್ಭಿಣಿಯ ಮೂತ್ರದ ಗುಟ್ಟು

ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ಬರ್ನ್‌ಹಾರ್ಡ್ ಜೋಂಡೆಕ್ ಮತ್ತು ಸೆಲ್ಮಾರ್ ಆಶ್‌ಹೈಮ್ 1927-28ರ ಸುಮಾರಿಗೆ ಗರ್ಭಿಣಿಯರ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿದರು. ಇಲಿಗಳ ಅಂಡಾಶಯ ಬಲಿಯಿತು. ಮೊದಲ ವಿಶ್ವಾಸಾರ್ಹ ಗರ್ಭಪರೀಕ್ಷೆ ಹುಟ್ಟಿದ್ದು ಹೀಗೆ. ಆ ಮೂತ್ರದಲ್ಲಿದ್ದ ವಸ್ತುವೇ ಇಂದು ಎಚ್.ಸಿ.ಜಿ. ಎಂದು ಹೆಸರಾದ ಹಾರ್ಮೋನು. ಬಸಿರು ಕಟ್ಟಿದ ಮೇಲೆ ಮಾಸು ಅದನ್ನು ತಯಾರಿಸುತ್ತದೆ. 1930ರ ದಶಕದ ಆರಂಭದಲ್ಲಿಯೇ ಅದು ಸೂಜಿಮದ್ದಾಗಿ ಪೇಟೆಗೆ ಬಂತು. ಯಹೂದಿಯಾಗಿದ್ದ ಜೋಂಡೆಕ್‌ನನ್ನು ಹಿಟ್ಲರನ ಆಡಳಿತ 1933ರಲ್ಲಿ ಹುದ್ದೆಯಿಂದ ತೆಗೆಯಿತು. ಮುಂದೆ ಅವನು ಜೆರುಸಲೇಮಿನಲ್ಲಿ ನೆಲೆಸಿದ.

ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಿಂದ ಎರಡು ಅಪ್ಪಣೆಗಳು ಹೊರಡುತ್ತವೆ ಎಂಬುದು ಕ್ರಮೇಣ ಖಚಿತವಾಯಿತು. ಒಂದರ ಹೆಸರು ಎಲ್.ಎಚ್., ಇನ್ನೊಂದರದು ಎಫ್.ಎಸ್.ಎಚ್. ಗಂಡಸಿನಲ್ಲಿ ಎಲ್.ಎಚ್. ಬಂದಾಗ ವೃಷಣ ಟೆಸ್ಟೋಸ್ಟೆರೋನ್ ತಯಾರಿಸುತ್ತದೆ. ಆ ಟೆಸ್ಟೋಸ್ಟೆರೋನ್ ಮತ್ತು ಎಫ್.ಎಸ್.ಎಚ್. ಎರಡೂ ಕೂಡಿದಾಗ ವೀರ್ಯಾಣು ಬಲಿಯುತ್ತದೆ. ಹೆಂಗಸಿನಲ್ಲಿ ಇವೇ ಎರಡು ಹಾರ್ಮೋನುಗಳು ಅಂಡವನ್ನು ಬೆಳೆಸಿ ಬಿಡುಗಡೆ ಮಾಡುತ್ತವೆ. ಎಚ್.ಸಿ.ಜಿ. ಎಂಬುದು ಎಲ್.ಎಚ್.ನ ಬೀಗಕ್ಕೆ ಹೊಂದುವ ಇನ್ನೊಂದು ಕೀಲಿಕೈ.

ಇದನ್ನು ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಕಂಡವರಿಗೆ ಸುಲಭವಾಗಿ ಹೇಳಬಹುದು. ದೂರದ ಹೊಳೆಯ ದಂಡೆಯಲ್ಲಿ ಮೋಟರು ಚಾಲೂ ಮಾಡುವವನು ಪಿಟ್ಯುಟರಿ ಎಂದುಕೊಳ್ಳೋಣ. ಏರಿ ಬಂದ ನೀರು ಮೊದಲು ಮೇಲಿನ ತೋಟವನ್ನು ತೋಯಿಸಿ, ಆಮೇಲೆ ಕೆಳಗಿನ ಕೆರೆಗೆ ಇಳಿಯುತ್ತದೆ. ತೋಟವೇ ವೃಷಣದ ಒಳಭಾಗ, ಕೆರೆಯೇ ರಕ್ತ. ಕೆರೆ ತುಂಬಿದ ಸುದ್ದಿ ಹೋದರೆ ಮೋಟರು ನಿಲ್ಲುತ್ತದೆ. ಈಗ ಯಾರೋ ಟ್ಯಾಂಕರಿನಿಂದ ನೀರು ತಂದು ಕೆರೆಗೆ ಸುರಿದರು ಎನ್ನಿ. ಕೆರೆ ತುಂಬಿ ತುಳುಕುತ್ತದೆ, ಮೋಟರು ನಿಲ್ಲುತ್ತದೆ, ಮೇಲಿನ ತೋಟ ಒಣಗುತ್ತದೆ. ಹೊರಗಿನಿಂದ ಚುಚ್ಚಿದ ಟೆಸ್ಟೋಸ್ಟೆರೋನ್ ಮಾಡುವುದು ಇದನ್ನೇ. ವೃಷಣದೊಳಗಿನ ಟೆಸ್ಟೋಸ್ಟೆರೋನ್ ಮಟ್ಟ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು, ನೂರು ಪಟ್ಟಿನವರೆಗೂ ಹೆಚ್ಚಿರುತ್ತದೆ. ಸೂಜಿಯಿಂದ ರಕ್ತಕ್ಕೆ ಸೇರಿದ್ದು ಆ ಮಟ್ಟವನ್ನು ಎಂದೂ ಮುಟ್ಟದು. ರಕ್ತಪರೀಕ್ಷೆಯಲ್ಲಿ ಅಂಕಿ ಚೆನ್ನಾಗಿಯೇ ಕಾಣುತ್ತದೆ, ಆದರೆ ವೀರ್ಯಾಣು ಮಾಯವಾಗುತ್ತದೆ.

ಸನ್ಯಾಸಿನಿಯರ ಮಠದಿಂದ ಕಲ್ಕತ್ತೆಗೆ

ಮೋಟರನ್ನು ಮತ್ತೆ ಓಡಿಸುವ ಮದ್ದು, ಅಂದರೆ ಎಫ್.ಎಸ್.ಎಚ್. ಮತ್ತು ಎಲ್.ಎಚ್., ಎಲ್ಲಿಂದ ತರಬೇಕು? ಮೊದಲು ಬಸುರಿ ಕುದುರೆಯ ರಕ್ತದಿಂದ ತೆಗೆದರು. ಮನುಷ್ಯನ ಮೈ ಅದನ್ನು ಪರಕೀಯವೆಂದು ಗುರುತಿಸಿ ಪ್ರತಿಕಾಯಗಳನ್ನು ಬೆಳೆಸಿಕೊಂಡಿದ್ದರಿಂದ ಅದನ್ನು ಬಿಡಬೇಕಾಯಿತು. 1958ರಲ್ಲಿ ಸ್ವೀಡನ್ನಿನ ಕಾರ್ಲ್ ಗೆಮ್ಜೆಲ್ ಸತ್ತವರ ಪಿಟ್ಯುಟರಿ ಗ್ರಂಥಿಯಿಂದ ತೆಗೆದ ಹಾರ್ಮೋನಿನಿಂದ ಹೆಂಗಸರಲ್ಲಿ ಅಂಡೋತ್ಪತ್ತಿ ಮಾಡಿಸಿ ತೋರಿಸಿದ. ಹಲವು ದೇಶಗಳು ಆ ದಾರಿ ಹಿಡಿದವು. ಆದರೆ ಅದರ ಬೆಲೆ ಗೊತ್ತಾದದ್ದು ತಡವಾಗಿ. ಇದೇ ಬಗೆಯ ಮದ್ದು ಪಡೆದಿದ್ದ ಆಸ್ಟ್ರೇಲಿಯದ ನಾಲ್ವರು ಹೆಂಗಸರು ವರ್ಷಗಳ ನಂತರ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಎಂಬ ಮಿದುಳಿನ ರೋಗದಿಂದ ತೀರಿಕೊಂಡರು. ಸತ್ತವರ ಗ್ರಂಥಿಯ ಮೂಲಕ ರೋಗ ದಾಟಿ ಬಂದಿತ್ತು. 1985ರಲ್ಲಿ ಅಲ್ಲಿ ಆ ಕಾರ್ಯಕ್ರಮವನ್ನೇ ನಿಲ್ಲಿಸಲಾಯಿತು. ಮದ್ದು ಗುಣ ಕೊಟ್ಟರೆ ಸಾಲದು, ಅದು ಎಲ್ಲಿಂದ ಬಂತು ಎಂಬುದೂ ತಿಳಿದಿರಬೇಕು ಎಂಬ ನಿಯಮ ಹೀಗೆ ಪ್ರಾಣ ತೆತ್ತು ಕಲಿತದ್ದು.

ಸುರಕ್ಷಿತವಾದ ಮೂಲ ಸಿಕ್ಕಿದ್ದು ಅನಿರೀಕ್ಷಿತ ಜಾಗದಲ್ಲಿ. ಮುಟ್ಟು ನಿಂತ ಹೆಂಗಸರಲ್ಲಿ ಅಂಡಾಶಯ ಉತ್ತರ ಕೊಡದ ಕಾರಣ ಪಿಟ್ಯುಟರಿ ಹೆಚ್ಚು ಹೆಚ್ಚು ಹಾರ್ಮೋನು ಸುರಿಸುತ್ತದೆ. ಅದು ಮೂತ್ರದಲ್ಲಿ ಹೊರಬೀಳುತ್ತದೆ. 1949ರಲ್ಲಿ ಇಟಲಿಯ ಪಿಯೆರೊ ಡೊನೀನಿ ಅದನ್ನು ಶುದ್ಧೀಕರಿಸಿದ. ಇಸ್ರೇಲಿನ ವೈದ್ಯ ಬ್ರೂನೊ ಲೂನೆನ್‌ಫೆಲ್ಡ್ ಅವರ ಒತ್ತಾಸೆಯಿಂದ ಇಟಲಿಯ ಮಠಗಳ ವಯಸ್ಸಾದ ಸನ್ಯಾಸಿನಿಯರ ಮೂತ್ರವನ್ನು ಸಂಗ್ರಹಿಸುವ ಏರ್ಪಾಡಾಯಿತು. ಬಸುರಿಯರ ಮೂತ್ರ ಬೆರೆಯದೆಂಬ ಖಾತರಿ ಅಲ್ಲಿ ಇತ್ತು. 1962ರಲ್ಲಿ ಇಸ್ರೇಲಿನಲ್ಲಿ ಈ ಚಿಕಿತ್ಸೆಯಿಂದ ಮೊದಲ ಮಗು ಹುಟ್ಟಿತು. ಮಕ್ಕಳನ್ನು ಹೆರದ ವ್ರತ ತೊಟ್ಟವರು ಸಾವಿರಾರು ತಾಯಂದಿರ ಮಡಿಲು ತುಂಬಲು ನೆರವಾದರು. 1990ರ ದಶಕದ ನಡುಭಾಗದಿಂದ ವಂಶವಾಹಿ ತಂತ್ರಜ್ಞಾನದಿಂದಲೂ ಎಫ್.ಎಸ್.ಎಚ್. ತಯಾರಾಗುತ್ತಿದೆ.

ಭಾರತದಲ್ಲಿ ಈ ಮದ್ದಿಗೆ ಒಂದು ದುರಂತ ಕಥೆ ಅಂಟಿಕೊಂಡಿದೆ. ಎಡಿನ್‌ಬರೋದಲ್ಲಿ ಸಂತಾನ ಹಾರ್ಮೋನುಗಳ ಬಗ್ಗೆ ಡಾಕ್ಟರೇಟ್ ಪಡೆದು ಬಂದಿದ್ದ ಕಲ್ಕತ್ತೆಯ ಡಾ. ಸುಭಾಷ್ ಮುಖರ್ಜಿ, ಹಾರ್ಮೋನ್ ಸೂಜಿ ಕೊಟ್ಟು ಹಲವು ಅಂಡಗಳನ್ನು ಬೆಳೆಸಿ, ಹೊರಗೆ ಫಲಿಸಿದ ಭ್ರೂಣವನ್ನು ಶೈತ್ಯದಲ್ಲಿಟ್ಟು, ಮುಂದಿನ ಋತುಚಕ್ರದಲ್ಲಿ ಗರ್ಭಕ್ಕೆ ಸೇರಿಸಿದರು. 1978ರ ಅಕ್ಟೋಬರ್ 3ರಂದು ‘ದುರ್ಗಾ’ ಎಂದು ಕರೆಯಲಾದ ಹೆಣ್ಣುಮಗು ಹುಟ್ಟಿತು. ಅದೇ ಜುಲೈಯಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದ ಜಗತ್ತಿನ ಮೊದಲ ಪ್ರನಾಳ ಶಿಶುವಿಗೆ ಹಾರ್ಮೋನ್ ಸೂಜಿ ಬಳಸಿರಲಿಲ್ಲ. ಅಲ್ಲಿನವರು ಹಿಂದೆ ಅದನ್ನು ಪ್ರಯತ್ನಿಸಿ, ಫಲ ಸಿಗದೆ, ಸಹಜ ಋತುಚಕ್ರಕ್ಕೆ ಮರಳಿದ್ದರು. ಮುಖರ್ಜಿಯವರ ಮಾತನ್ನು ಸರ್ಕಾರಿ ವಿಚಾರಣಾ ಸಮಿತಿ ನಂಬಲಿಲ್ಲ. ಅವಮಾನ, ವರ್ಗಾವಣೆಗಳಿಂದ ನೊಂದ ಅವರು 1981ರ ಜೂನ್ 19ರಂದು ಆತ್ಮಹತ್ಯೆ ಮಾಡಿಕೊಂಡರು.

ಅವರಿಗೆ ನ್ಯಾಯ ಒದಗಿಸಿದ ಪ್ರಕಟಣೆ ಹೊರಬಿದ್ದದ್ದು ಕರ್ನಾಟಕದಿಂದ. 1986ರಲ್ಲಿ ಮುಂಬೈಯಲ್ಲಿ ದೇಶದ ಮೊದಲ ಅಧಿಕೃತ ಪ್ರನಾಳ ಶಿಶುವಿನ ಜನನಕ್ಕೆ ಕಾರಣವಾದ ತಂಡದ ವಿಜ್ಞಾನಿ ಟಿ.ಸಿ. ಆನಂದ ಕುಮಾರ್ ಅವರು ಮುಖರ್ಜಿಯವರ ಕೈಬರಹದ ಟಿಪ್ಪಣಿಗಳನ್ನು ಪರಿಶೀಲಿಸಿ, ಮೊದಲಿಗರು ತಾವಲ್ಲ, ಮುಖರ್ಜಿಯವರು ಎಂದು 1997ರಲ್ಲಿ ಬರೆದರು. ಆ ಲೇಖನ ಬಂದದ್ದು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ಸ್ವಂತ ಕೀರ್ತಿಯನ್ನು ಹೀಗೆ ಇನ್ನೊಬ್ಬರಿಗೆ ಬಿಟ್ಟುಕೊಟ್ಟ ಉದಾಹರಣೆ ವಿಜ್ಞಾನದಲ್ಲಿ ವಿರಳ. ಮುಖರ್ಜಿಯವರು ಹಿಡಿದ ಕ್ರಮ, ಅಂದರೆ ಹಾರ್ಮೋನ್ ಸೂಜಿ ಮತ್ತು ಭ್ರೂಣದ ಶೈತ್ಯ ಸಂಗ್ರಹ, ಇಂದು ಎಲ್ಲೆಡೆ ರೂಢಿಯಲ್ಲಿದೆ.

ಬೆಂಗಳೂರಿನ ಮಂಗಗಳು ಹೇಳಿದ್ದು

ಗಂಡಸಿನ ಕಡೆಯ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್.ಆರ್. ಮೌದ್ಗಲ್ ಮತ್ತು ಅವರ ಸಂಗಡಿಗರು ಪ್ರಮುಖರು. ದಕ್ಷಿಣ ಭಾರತದ ಗುಡಿಗಳ ಮುಂದೆ, ರಸ್ತೆಬದಿಯ ಮರಗಳಲ್ಲಿ ಎಲ್ಲರೂ ಕಾಣುವ ಮಂಗವೇ ಅವರ ಪ್ರಯೋಗದ ಪ್ರಾಣಿ. ಕುರಿಯ ಪಿಟ್ಯುಟರಿಯಿಂದ ತೆಗೆದ ಎಫ್.ಎಸ್.ಎಚ್.ಅನ್ನು ಗಂಡು ಮಂಗಗಳಿಗೆ ಲಸಿಕೆಯಂತೆ ಕೊಟ್ಟರು. ಮಂಗದ ಮೈ ಅದಕ್ಕೆ ಪ್ರತಿಕಾಯ ಬೆಳೆಸಿಕೊಂಡಿತು. ಆ ಪ್ರತಿಕಾಯ ಮಂಗದ ಸ್ವಂತ ಎಫ್.ಎಸ್.ಎಚ್.ಅನ್ನೂ ಹಿಡಿದು ನಿಲ್ಲಿಸಿತು.

ಫಲಿತಾಂಶ ಸ್ವಾರಸ್ಯಕರವಾಗಿತ್ತು. ಮಂಗಗಳ ಟೆಸ್ಟೋಸ್ಟೆರೋನ್ ಕುಗ್ಗಲಿಲ್ಲ, ಅವುಗಳ ವರ್ತನೆಯೂ ಬದಲಾಗಲಿಲ್ಲ. ಆದರೆ ವೀರ್ಯಾಣುಗಳ ಸಂಖ್ಯೆ ಮತ್ತು ಗುಣ ಎರಡೂ ಕುಸಿದು ಸಂತಾನ ನಿಂತಿತು. ಗಂಡಸಿಗೆ ಗರ್ಭನಿರೋಧಕ ಲಸಿಕೆ ತಯಾರಿಸುವುದು ಈ ಸಂಶೋಧನೆಯ ಗುರಿಯಾಗಿತ್ತು. 1997ರಲ್ಲಿ ಐವರು ಸ್ವಯಂಸೇವಕರ ಮೇಲೆ ನಡೆಸಿದ ಪ್ರಾಥಮಿಕ ಪರೀಕ್ಷೆಯ ವರದಿಯೂ ಪ್ರಕಟವಾಯಿತು. ಲಸಿಕೆ ಪೇಟೆಗೆ ಬರಲಿಲ್ಲ. ಎಫ್.ಎಸ್.ಎಚ್. ಇಲ್ಲದೆ ವೀರ್ಯಾಣು ಸಂಪೂರ್ಣ ನಿಲ್ಲುತ್ತದೆಯೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ವಾದವೂ ನಡೆಯಿತು. ಆದರೆ ಗಂಡಸುತನ ಬೇರೆ, ಸಂತಾನಶಕ್ತಿ ಬೇರೆ ಎಂಬುದನ್ನು ಆ ಮಂಗಗಳು ಕಣ್ಣಿಗೆ ಕಟ್ಟುವಂತೆ ತೋರಿಸಿದವು.

ಇನ್ನೊಂದು ತುದಿಯಿಂದ ಇದೇ ಮಾತನ್ನು ವಿಶ್ವ ಆರೋಗ್ಯ ಸಂಸ್ಥೆ ಸಾಬೀತು ಮಾಡಿತು. ಅದು ಏಳು ದೇಶಗಳಲ್ಲಿ 271 ಆರೋಗ್ಯವಂತ ಗಂಡಸರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಟೆಸ್ಟೋಸ್ಟೆರೋನ್ ಚುಚ್ಚಿ ನಡೆಸಿದ ಅಧ್ಯಯನದ ವರದಿ 1990ರಲ್ಲಿ ಬಂತು. ಆರು ತಿಂಗಳೊಳಗೆ 157 ಮಂದಿಯ ವೀರ್ಯದಲ್ಲಿ ಒಂದು ವೀರ್ಯಾಣುವೂ ಉಳಿಯಲಿಲ್ಲ. ಅವರು ಮುಂದೆ ಒಂದು ವರ್ಷ ಬೇರೆ ಯಾವ ನಿರೋಧಕವನ್ನೂ ಬಳಸಲಿಲ್ಲ. ಆದರೂ ಬಸಿರಾದದ್ದು ಒಂದೇ ಒಂದು. ಟೆಸ್ಟೋಸ್ಟೆರೋನ್ ಸೂಜಿಯನ್ನು ಪರೀಕ್ಷಿಸಿದ್ದೇ ಗಂಡಸಿನ ಗರ್ಭನಿರೋಧಕವಾಗಿ! ಮಗು ಬೇಕೆಂದು ಅದೇ ಸೂಜಿ ಮಾಡಿಸಿಕೊಳ್ಳುವುದು ಎಂಥ ವಿಪರ್ಯಾಸ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಅಧ್ಯಯನಗಳಲ್ಲಿ ಸೂಜಿ ನಿಲ್ಲಿಸಿದ ಬಹುತೇಕರಿಗೆ ಒಂದು ವರ್ಷದೊಳಗೆ, ಕೆಲವರಿಗೆ ಎರಡು ವರ್ಷಗಳೊಳಗೆ ವೀರ್ಯಾಣು ಮರಳಿತು ಎಂಬುದು ಸಮಾಧಾನದ ಸಂಗತಿ. ಆದರೆ ಅವರೆಲ್ಲ ಮೊದಲೇ ಆರೋಗ್ಯವಂತರಾಗಿದ್ದವರು, ವೈದ್ಯರ ಕಣ್ಣಡಿಯಲ್ಲಿದ್ದವರು. ವರ್ಷಗಟ್ಟಲೆ ಹಲವು ಬಗೆಯ ಸ್ಟೀರಾಯ್ಡ್‌ಗಳನ್ನು ಬೆರೆಸಿ ತೆಗೆದುಕೊಂಡವರಿಗೆ ಆ ಭರವಸೆ ಅನ್ವಯಿಸದು.

ಸೂಜಿಯ ದುರುಪಯೋಗ

ಎಚ್.ಸಿ.ಜಿ.ಯೂ ದುರ್ಬಳಕೆಯಿಂದ ತಪ್ಪಿಸಿಕೊಳ್ಳಲಿಲ್ಲ. ಭಾರತದಲ್ಲಿ ಬಹುಕಾಲ ಕೆಲಸ ಮಾಡಿದ್ದ ಬ್ರಿಟಿಷ್ ವೈದ್ಯ ಎ.ಟಿ.ಡಬ್ಲ್ಯು. ಸಿಮಿಯನ್ಸ್, ಈ ಸೂಜಿಯಿಂದ ಬೊಜ್ಜು ಕರಗುತ್ತದೆ ಎಂದು 1954ರಲ್ಲಿ ಬರೆದ. ಜೊತೆಗೆ ದಿನಕ್ಕೆ ಕೇವಲ 500 ಕ್ಯಾಲೊರಿಯ ಊಟವನ್ನೂ ವಿಧಿಸಿದ. ಅಷ್ಟು ಕಡಿಮೆ ಉಂಡರೆ ಯಾರ ತೂಕವೂ ಇಳಿಯುತ್ತದೆ. ಸೂಜಿಯ ಪಾತ್ರ ಅದರಲ್ಲಿ ಏನೂ ಇಲ್ಲವೆಂದು ಮುಂದಿನ ಅಧ್ಯಯನಗಳು ತೋರಿಸಿದವು. ತೂಕ ಇಳಿಸಲು ಇದು ಪರಿಣಾಮಕಾರಿಯಲ್ಲ ಎಂಬ ಎಚ್ಚರಿಕೆಯನ್ನು ಮದ್ದಿನ ಪೊಟ್ಟಣದ ಮೇಲೆ ಬರೆಯುವುದನ್ನು ಅಮೆರಿಕ 1970ರ ದಶಕದಲ್ಲೇ ಕಡ್ಡಾಯ ಮಾಡಿತು. ಆದರೂ 2011ರಲ್ಲಿ ಅಲ್ಲಿನ ಸರ್ಕಾರ ಇದೇ ಹೆಸರಿನ ಸ್ಲಿಮ್ಮಿಂಗ್ ಮದ್ದು ಮಾರುತ್ತಿದ್ದ ಕಂಪನಿಗಳಿಗೆ ಮತ್ತೆ ಎಚ್ಚರಿಕೆ ಕೊಡಬೇಕಾಯಿತು.

ಕ್ರೀಡೆಯಲ್ಲಿ ಟೆಸ್ಟೋಸ್ಟೆರೋನ್ ನಿಷಿದ್ಧ. ಗಂಡು ಕ್ರೀಡಾಪಟುಗಳಿಗೆ ಎಚ್.ಸಿ.ಜಿ.ಯೂ ನಿಷಿದ್ಧ. ಗರಡಿಮನೆಯ ಹಳೆಯ ಪೈಲ್ವಾನರು ಹಾಲು, ಬಾದಾಮಿ, ಸಾಮು ಎಂದು ವರ್ಷಗಟ್ಟಲೆ ಕಟ್ಟಿದ ಮೈಯನ್ನು ಮೂರು ತಿಂಗಳಲ್ಲಿ ಕಟ್ಟುವ ಆತುರದವರಿಗೆ ಇಂದು ಜಿಮ್‌ಗಳ ಸುತ್ತಮುತ್ತ ಚೀಟಿಯಿಲ್ಲದೆ ಸೂಜಿ ಸಿಗುವುದುಂಟು. ಅದರ ಬಾಟಲಿಯಲ್ಲಿ ಏನಿದೆ ಎಂಬುದು ಕೊಟ್ಟವನಿಗೂ ಗೊತ್ತಿರುವುದಿಲ್ಲ.

ಸುರಕ್ಷಿತ ದಾರಿ ಯಾವುದು?

ಚರಿತ್ರೆ ಕಲಿಸಿದ ಪಾಠಗಳು ಇಂದಿನ ವೈದ್ಯಕೀಯದಲ್ಲಿ ನಿಯಮಗಳಾಗಿ ಉಳಿದಿವೆ. ಮಕ್ಕಳಾಗದಾಗ ಹೆಂಡತಿಯೊಬ್ಬಳನ್ನೇ ಗುಡಿ, ದರ್ಗಾ, ಆಸ್ಪತ್ರೆಗಳಿಗೆ ಅಲೆಸುವ ರೂಢಿ ಇನ್ನೂ ಹೋಗಿಲ್ಲ. ಆದರೆ ಗಂಡನ ವೀರ್ಯ ಪರೀಕ್ಷೆ ಎಲ್ಲಕ್ಕಿಂತ ಸುಲಭ, ಅಗ್ಗ, ನೋವಿಲ್ಲದ್ದು. ಎರಡರಿಂದ ಏಳು ದಿನ ಸಂಯಮದ ನಂತರ ಕೊಟ್ಟ ಮಾದರಿಯಿಂದ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಅದು ಸಹಜವಾಗಿಲ್ಲದಿದ್ದರೆ ಮತ್ತೊಮ್ಮೆ ಮಾಡಿಸಬೇಕು.

ಟೆಸ್ಟೋಸ್ಟೆರೋನ್ ಕಡಿಮೆ ಎಂದು ಹೇಳಲು ಒಂದು ರಕ್ತಪರೀಕ್ಷೆ ಸಾಲದು. ಲಕ್ಷಣಗಳಿರಬೇಕು, ಜೊತೆಗೆ ಬೆಳಗಿನ ಹೊತ್ತು, ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ದಿನ ಪರೀಕ್ಷೆ ಮಾಡಿದಾಗಲೂ ಮಟ್ಟ ಇಳಿದಿರಬೇಕು. ಆಮೇಲೆ ಎಲ್.ಎಚ್., ಎಫ್.ಎಸ್.ಎಚ್. ನೋಡಬೇಕು. ಇವೆರಡೂ ಕಡಿಮೆಯಿದ್ದರೆ ತೊಂದರೆ ಮೋಟರಿನಲ್ಲಿದೆ ಎಂದರ್ಥ. ಅಂಥವರಿಗೆ ಎಚ್.ಸಿ.ಜಿ., ಬೇಕಾದರೆ ಅದರೊಡನೆ ಎಫ್.ಎಸ್.ಎಚ್. ಸೂಜಿ ಕೊಟ್ಟು ಟೆಸ್ಟೋಸ್ಟೆರೋನ್ ಮತ್ತು ವೀರ್ಯಾಣು ಎರಡನ್ನೂ ಎಬ್ಬಿಸಬಹುದು. ಇವೆರಡೂ ಏರಿದ್ದರೆ ತೋಟದ ಮಣ್ಣೇ ಸೊರಗಿದೆ ಎಂದರ್ಥ. ಗದ್ದಕಟ್ಟು ಬಾವು ವೃಷಣಕ್ಕೆ ಇಳಿದು ಹಾಳಾದ ಕೆಲವರಲ್ಲಿ ಹೀಗಾಗುತ್ತದೆ. ಅಲ್ಲಿ ಎಚ್.ಸಿ.ಜಿ. ಸುರಿದು ಪ್ರಯೋಜನವಿಲ್ಲ.

ಟೆಸ್ಟೋಸ್ಟೆರೋನ್ ತೆಗೆದುಕೊಳ್ಳುತ್ತಿರುವವರ ವೃಷಣವನ್ನು ಎಚ್ಚರವಾಗಿಡಲು ಎಚ್.ಸಿ.ಜಿ. ನೆರವಾಗುವುದೂ ನಿಜ. ಟೆಸ್ಟೋಸ್ಟೆರೋನ್ ಸೂಜಿಯಿಂದ ವೃಷಣದೊಳಗಿನ ಟೆಸ್ಟೋಸ್ಟೆರೋನ್ ಶೇಕಡ 94ರಷ್ಟು ಕುಸಿಯಿತೆಂದೂ, ಜೊತೆಗೆ ಸಣ್ಣ ಪ್ರಮಾಣದ ಎಚ್.ಸಿ.ಜಿ. ಕೊಟ್ಟಾಗ ಅದು ಬಹುಮಟ್ಟಿಗೆ ಉಳಿಯಿತೆಂದೂ 2005ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಆದರೆ ಅದು ಕೆಲವೇ ವಾರಗಳ, 29 ಗಂಡಸರ ಅಧ್ಯಯನ. ಅದನ್ನು ಓದಿ ಯಾರೂ ಸ್ವಂತವಾಗಿ ಪ್ರಮಾಣ ಕಟ್ಟಿಕೊಳ್ಳಬಾರದು. ಹತ್ತಿರದ ವರ್ಷಗಳಲ್ಲಿ ಮಗು ಬೇಕೆನ್ನುವವರಿಗೆ ಟೆಸ್ಟೋಸ್ಟೆರೋನ್ ಆರಂಭಿಸಬಾರದು ಎಂದೇ ತಜ್ಞ ಸಂಘಗಳ ಸಲಹೆ.

ಚಿಕಿತ್ಸೆ ನಡೆಯುವಾಗ ಕಾವಲೂ ಬೇಕು. ಟೆಸ್ಟೋಸ್ಟೆರೋನ್‌ನಿಂದ ರಕ್ತ ಗಟ್ಟಿಯಾಗಬಹುದು. ಅದನ್ನು ಅಳೆಯುವ ಹೆಮಟೋಕ್ರಿಟ್ 54 ದಾಟಿದರೆ ಮದ್ದು ನಿಲ್ಲಿಸಬೇಕಾಗುತ್ತದೆ. ವಯಸ್ಸಾದವರಿಗೆ ಪ್ರಾಸ್ಟೇಟ್ ಪರೀಕ್ಷೆ ಬೇಕು. ಎಚ್.ಸಿ.ಜಿ.ಯಿಂದ ಗಂಡಸರಿಗೆ ಮೊಲೆ ಊದಿಕೊಳ್ಳಬಹುದು. ಹೆಂಗಸರಲ್ಲಿ ಅಂಡಾಶಯ ಮಿತಿಮೀರಿ ಕೆರಳಿ ಹೊಟ್ಟೆಯಲ್ಲಿ ನೀರು ತುಂಬುವ ಅಪಾಯವಿದೆ. ಸೂಜಿಯ ನಂತರ ಹೊಟ್ಟೆ ಉಬ್ಬರಿಸಿ, ಉಸಿರು ಕಟ್ಟಿ, ಮೂತ್ರ ಕಡಿಮೆಯಾದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಅವಳಿ ತ್ರಿವಳಿ ಬಸಿರಿನ ಸಾಧ್ಯತೆಯೂ ಇರುವುದರಿಂದಲೇ ಸ್ಕ್ಯಾನಿಂಗ್ ಇಲ್ಲದೆ ಈ ಚಿಕಿತ್ಸೆ ಸಲ್ಲದು.

ಎಚ್.ಸಿ.ಜಿ. ಮತ್ತು ಎಫ್.ಎಸ್.ಎಚ್. ಪ್ರೋಟೀನುಗಳು, ಶಾಖಕ್ಕೆ ಕೆಡುತ್ತವೆ. ವಿಜಯಪುರದ ಬೇಸಿಗೆಯಲ್ಲಿ ಮದ್ದನ್ನು ಬಸ್ಸಿನ ಕಿಟಕಿಯ ಬದಿಗೋ ಮೋಟರ್ ಸೈಕಲಿನ ಡಿಕ್ಕಿಯಲ್ಲೋ ಇಟ್ಟು ಊರಿಗೆ ಒಯ್ದರೆ ಉಳಿಯುವುದು ಬರೀ ನೀರು. ಪೆಟ್ಟಿಗೆಯ ಮೇಲೆ ಬರೆದ ಉಷ್ಣತೆಯನ್ನು ಓದಿ, ಬರ್ಫದ ಡಬ್ಬಿಯಲ್ಲಿ ಒಯ್ಯಬೇಕು. ಆದರೆ ಹೆಪ್ಪುಗಟ್ಟಲು ಬಿಡಬಾರದು. ಒಬ್ಬರಿಗೆ ಬಳಸಿದ ಸಿರಿಂಜು ಇನ್ನೊಬ್ಬರಿಗೆ ಬೇಡ. ಪ್ರನಾಳ ಶಿಶು ಚಿಕಿತ್ಸೆ ಕೊಡುವ ಕೇಂದ್ರಗಳು ನೋಂದಣಿಯಾಗಿರಬೇಕೆಂದು 2021ರ ಕಾಯ್ದೆ ಹೇಳುತ್ತದೆ. ನೋಂದಣಿ ಪತ್ರವನ್ನು ಕೇಳಿ ನೋಡುವ ಹಕ್ಕು ದಂಪತಿಗಳಿಗಿದೆ.

ಎಲ್ಲಕ್ಕಿಂತ ಮುಖ್ಯವಾಗಿ ತಾಳ್ಮೆ ಬೇಕು. ಒಂದು ವೀರ್ಯಾಣು ಹುಟ್ಟಿ ಬಲಿಯಲು ಎರಡೂವರೆ ತಿಂಗಳಷ್ಟು ಕಾಲ ಹಿಡಿಯುತ್ತದೆ. ಇಂದು ಹಾಕಿದ ಸೂಜಿಯ ಫಲ ಮುಂದಿನ ವಾರ ಕಾಣುವುದಿಲ್ಲ. ಕೆಲವರಿಗೆ ಆರು ತಿಂಗಳು, ಕೆಲವರಿಗೆ ವರ್ಷವೂ ದಾಟುತ್ತದೆ. ‘ನಿಶ್ಶಕ್ತಿ’ ಎಂದು ವೈದ್ಯರ ಬಳಿ ಹೋಗುವ ಯುವಕ ಸಂಕೋಚ ಬಿಟ್ಟು ಮೊದಲು ಹೇಳಬೇಕಾದ ಮಾತು ಒಂದೇ: ‘ನಮಗೆ ಮಕ್ಕಳು ಬೇಕಾಗ್ಯಾವ್ರಿ.’ ಆ ಒಂದು ಮಾತು ವೈದ್ಯರು ಬರೆಯುವ ಚೀಟಿಯನ್ನೇ ಬದಲಿಸುತ್ತದೆ.